ಕರುಳಿನ ಕಕೂನ್ ಕಾಸರಗೋಡಿನಲ್ಲೇ ಬಿಡಿಸಿದೆ: ನನ್ನ ಅನುಭವ

ಕಕೂನ್ ಅಂದರೆ ಸಣ್ಣ ಕರುಳನ್ನು ರೇಷ್ಮೆಗೂಡಿನ ಹಾಗೆ ಪೊರೆಯೊಂದು ಸುತ್ತಿಕೊಳ್ಳುವ ಕಾಯಿಲೆ. ಹೊಟ್ಟೆಯ ಮೇಲೆ ಹಳೇ ಆಪರೇಷನ್ನಿನ ಗುರುತಿಲ್ಲ, ತೊಡೆಸಂದಿಯಲ್ಲಿ ಹರ್ನಿಯಾ ಇಲ್ಲ, ಆದರೂ ಕರುಳು ಕಟ್ಟಿದೆ. ಇಂಥವರಿಗೆ ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಗೆ) ಹಾಕಿ ಎರಡು ದಿನ ಕಾಯುವುದನ್ನು ನಾನು ಬಿಟ್ಟಿದ್ದೇನೆ. ಕಿಡ್ನಿ ಸರಿ ಇದೆಯಾ ಅಂತ ಕ್ರಿಯಾಟಿನಿನ್ ನೋಡಿ ಅವತ್ತೇ ಕಾಂಟ್ರಾಸ್ಟ್ ಸಿಟಿ, ಅಂದರೆ ಔಷಧಿ ಚುಚ್ಚಿ ತೆಗೆಯುವ ಸ್ಕ್ಯಾನ್. ಐದಾರು ಸಾವಿರ ಆಗುತ್ತದೆ, ಮನೆಯವರು ಗೊಣಗುತ್ತಾರೆ, ಗೊಣಗಲಿ.

ಈ ರೋಗಿ ಬದಿಯಡ್ಕ ಕಡೆಯವರು, ಅಡಿಕೆ ತೋಟದ ಕೆಲಸ, ವಯಸ್ಸು ನಲವತ್ತರ ಆಸುಪಾಸು. ವರ್ಷದಿಂದ ಬಂದು ಹೋಗುವ ನೋವು, ತೂಕ ಹತ್ತು ಕಿಲೋ ಇಳಿದಿತ್ತು. ಗ್ಯಾಸ್ ಮಾತ್ರೆ, ಎಂಡೋಸ್ಕೋಪಿ ಅಂತ ಮೂವತ್ತು ಸಾವಿರದ ಹತ್ತಿರ ಆಗಲೇ ಹೋಗಿತ್ತು. ಸಿಟಿಯಲ್ಲಿ ಸಣ್ಣ ಕರುಳು ಪೂರ್ತಿ ನಡುವೆ ಗುಂಪಾಗಿ, ಸುತ್ತ ಪೊರೆ. ಕಕೂನ್ ಅಂತ ನೋಡಿದ ಕೂಡಲೇ ಗೊತ್ತಾಯ್ತು. ಹರೆಯದ ಹುಡುಗಿಯರಲ್ಲಿ ಇದನ್ನು ಕಂಡು ಫೂ ಎಂಬ ವೈದ್ಯರು 1978ರಲ್ಲಿ ಇಟ್ಟ ಹೆಸರು, ಆದರೆ ಗಂಡಸರಲ್ಲೂ ಬರುತ್ತದೆ, ನಮ್ಮಲ್ಲಿ ಟಿಬಿಯಿಂದಲೂ ಬರುತ್ತದೆ.

“ಡಾಕ್ಟ್ರೇ, ಇದನ್ನು ಇಲ್ಲಿ ಹಿಡ್ಕೊಳ್ಬೇಡಿ, ಮಂಗಳೂರಿಗೆ ಕಳಿಸಿ” ಅಂದರು ನಮ್ಮ ಅರಿವಳಿಕೆ ಡಾಕ್ಟರು. ಅವರ ಹೆದರಿಕೆಗೆ ಕಾರಣ ಇತ್ತು. ಹಿಂದೆ ಬೇರೆ ಕಡೆ ಇಂಥದ್ದೇ ಒಬ್ಬರಿಗೆ ಪೊರೆ ಬಿಡಿಸಲಾಗದೆ ಕರುಳನ್ನೇ ಕತ್ತರಿಸಿ ಜೋಡಿಸಿದ್ದರು. ಜೋಡಣೆ ಸೋರಿತು, ಮತ್ತೆ ಹೊಟ್ಟೆ ತೆರೆದರು, ಐಸಿಯು ಬಿಲ್ಲೇ ಮೂರು ಲಕ್ಷ ದಾಟಿತು, ಕೊನೆಗೆ ಜೀವವೂ ಉಳಿಯಲಿಲ್ಲ. ಸತ್ತ ಕರುಳಲ್ಲದಿದ್ದರೆ ಕತ್ತರಿಸಬಾರದು ಅನ್ನುವ ನನ್ನ ಹಟ ಅಲ್ಲಿಂದಲೇ ಬಂದದ್ದು.

ಲ್ಯಾಪ್ರೋಸ್ಕೋಪಿಯಲ್ಲಿ ಶುರು ಮಾಡಿದೆ. ಒಳಗೆ ಜಾಗವೇ ಇಲ್ಲ, ಹತ್ತು ನಿಮಿಷದಲ್ಲಿ ಬಿಟ್ಟು ನಡುಗೆರೆಯಲ್ಲಿ ತೆರೆದೆ. ಪೊರೆ ಬಿಳಿ, ಹೊಳಪು, ಕೆಲವು ಕಡೆ ನಾಲ್ಕೈದು ಮಿಲಿಮೀಟರ್ ದಪ್ಪ. ಬೆರಳಿನಿಂದ ಎಳೆದರೆ ಪೊರೆಯ ಬದಲು ಕರುಳೇ ಹರಿಯುತ್ತದೆ, ಹಾಗಾಗಿ ಎಲ್ಲಾ ಕತ್ತರಿಯ ತುದಿಯಲ್ಲೇ. ಅಂಟು ಜಾಸ್ತಿ ಇದ್ದಲ್ಲಿ ಸಣ್ಣ ಸೂಜಿಯಿಂದ ಪೊರೆಯ ಅಡಿಗೆ ಸಲೈನ್ ಬಿಟ್ಟೆ, ಪದರ ತಾನೇ ಉಬ್ಬಿ ಬೇರೆಯಾಯಿತು. ಬಿಡದ ಕಡೆ ಪೊರೆಯ ತುಂಡನ್ನು ಕರುಳಿನ ಮೇಲೆ ಹಾಗೇ ಬಿಟ್ಟೆ. ಸೆರೋಸಾ, ಅಂದರೆ ಕರುಳಿನ ಹೊರಪದರ, ಹರಿದ ಎರಡು ಮೂರು ಜಾಗಕ್ಕೆ ಅಲ್ಲಲ್ಲೇ 3-0 ವೈಕ್ರಿಲ್ ದಾರದ ಹೊಲಿಗೆ. ಮೊದಲ ಗೀರು ಎಲ್ಲಿ ಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಓಟಿಗೆ ಬನ್ನಿ, ತೋರಿಸುತ್ತೇನೆ. ನಾಲ್ಕು ಗಂಟೆ ಮೇಲಾಯ್ತು. ಒಂದಿಂಚು ಕರುಳೂ ಹೋಗಲಿಲ್ಲ.

ಕಟ್ಟಿದ ಕರುಳು ಬಿಡಲಿ ಅಂತ ಕುಡಿಸುವ, ಎಕ್ಸ್‌ರೇಯಲ್ಲಿ ಕಾಣುವ ದ್ರವ ಗ್ಯಾಸ್ಟ್ರೋಗ್ರಾಫಿನ್ ಕೂಡ ಬೇರೊಬ್ಬ ಕಕೂನ್ ರೋಗಿಯಲ್ಲಿ ನೋಡಿದ್ದೇನೆ. 100 ಮಿಲಿ ಕೊಟ್ಟು ಮರುದಿನ ಎಕ್ಸ್‌ರೇ ತೆಗೆದರೆ ಕೊಲೊನ್‌ಗೆ (ದೊಡ್ಡ ಕರುಳಿಗೆ) ಬಂದಿತ್ತು, ರೋಗಿ ಖುಷಿಯಲ್ಲಿ ಮನೆಗೆ ಹೋದರು, ಮೂರು ವಾರಕ್ಕೆ ಮತ್ತೆ ವಾಂತಿ. ಹಳೇ ಆಪರೇಷನ್ನಿನ ಅಂಟಿಗೆ ಅದು ಒಳ್ಳೇದು, ಇದಕ್ಕೆ ನಂಬಬೇಡಿ.

ಹೊರಗೆ ಗುರುತಿಲ್ಲದೆ ಕರುಳು ಕಟ್ಟಲು ಕಕೂನ್ ಒಂದೇ ಕಾರಣ ಅಲ್ಲ, ಹಾಗಾಗಿ ಸಿಟಿ ಮಾಡಿಸುವಾಗ ತೊಡೆಯ ಮೇಲ್ಭಾಗದವರೆಗೆ ತೆಗೆಯಲು ಹೇಳಿ. ಉಪ್ಪಳ ಕಡೆಯ ಸಪೂರ ಅಜ್ಜಿಯೊಬ್ಬರು ತೊಡೆಯ ಒಳಬದಿಯಿಂದ ಮೊಣಕಾಲಿನವರೆಗಿನ ನೋವಿಗೆ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡಿದ್ದರು. ಅದು ಆಬ್ಟ್ಯುರೇಟರ್ ಹರ್ನಿಯಾ, ಸೊಂಟದ ಮೂಳೆಯ ಕಿಂಡಿಯೊಳಗೆ ಕರುಳು ಸಿಕ್ಕಿಕೊಳ್ಳುವುದು. ಸ್ಕ್ಯಾನ್ ಸ್ವಲ್ಪ ಮೇಲೆ ನಿಂತಿದ್ದರೂ ಕಾಣುತ್ತಿರಲಿಲ್ಲ, ಅಲ್ವಾ?

ಬದಿಯಡ್ಕದವರಿಗೆ ಗಾಳಿ ಹೋಗಲು ಐದಾರು ದಿನ ಬೇಕಾಯ್ತು. ಅಷ್ಟರಲ್ಲಿ ಮನೆಯವರು ಎರಡು ಸಲ ಮಂಗಳೂರಿಗೆ ಆಂಬುಲೆನ್ಸ್ ಕೇಳಿದ್ದರು. ಪೊಟ್ಯಾಸಿಯಂ ಸರಿ ಇಟ್ಟು, ನಡೆಸಿ, ಕಾದೆ. ಆಮೇಲೆ ಗಂಜಿ ತಿಳಿ, ವಾರ ಕಳೆದು ಕುಚ್ಚಲಕ್ಕಿ ಅನ್ನ. ಬಿಲ್ಲು ಎಲ್ಲಾ ಸೇರಿ ಎಂಬತ್ತು ಸಾವಿರದೊಳಗೆ ಮುಗಿಯಿತು. ಪೊರೆಯ ಬಯಾಪ್ಸಿಯಲ್ಲಿ ಟಿಬಿ ಬಂತು, ಸರ್ಕಾರದ ಮಾತ್ರೆ ಪುಕ್ಕಟೆ, ಆರು ತಿಂಗಳು ತೆಗೆದುಕೊಂಡರು. ಬಯಾಪ್ಸಿಗೆ ಕಳಿಸುವಾಗ ಒಂದು ತುಂಡನ್ನು ಫಾರ್ಮಲಿನ್ ಹಾಕದೆ ಬರೀ ಸಲೈನ್‌ನಲ್ಲಿ ಬೇರೆ ಇಡಿ, ಇಲ್ಲದಿದ್ದರೆ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಲು ಆಗುವುದಿಲ್ಲ.