ಚಾವಣಿಯ ಮೂಲೆಗಳಿಗಾಗಿ ಒಂದು ಹಳೆಯ 24 ಎಂ.ಎಂ. ಲೆನ್ಸ್

ಪುಟ್ಟದಾಗಿದೆ ಎಂಬ ಒಂದೇ ಕಾರಣಕ್ಕೆ ಮರುಳಾಗಿ ನಾನು ಕೊಂಡ ಮೊದಲ ಹಳೆಯ ವೈಡ್ ಲೆನ್ಸ್, ಅಂದರೆ ಅಗಲವಾದ ನೋಟ ಹಿಡಿಯುವ ಲೆನ್ಸ್, 21 ಎಂ.ಎಂ.ನದು. ಒಳಗೆ ಕನ್ನಡಿಯಿಲ್ಲದ ರೇಂಜ್‌ಫೈಂಡರ್ ಎಂಬ ಫಿಲ್ಮ್ ಕ್ಯಾಮೆರಾಗಳಿಗಾಗಿ ಮಾಡಿದ್ದು, ಅಂಗೈಯಲ್ಲಿ ಅಡಗುವಷ್ಟು ಗಾತ್ರ. ಅದನ್ನು ಸೋನಿ ಎ7 II ಡಿಜಿಟಲ್ ಕ್ಯಾಮೆರಾಗೆ ಜೋಡಿಸಿಕೊಂಡು ಸೋಮನಾಥಪುರಕ್ಕೆ ಹೋದೆ. ಅಲ್ಲಿನ ಮಂಟಪದಲ್ಲಿ ಅಂಕಣಕ್ಕೊಂದು ಬಗೆಯ ಚಾವಣಿ. ಕೆಲವುದರ ನಡುವಿನಿಂದ ಬಾಳೆ ಹೂವಿನ ಮೊಗ್ಗು ಇಳಿಬಿದ್ದಿರುತ್ತದೆ. ಮನೆಗೆ ಬಂದು ನೋಡಿದರೆ ಮೊಗ್ಗು ಚೆನ್ನಾಗಿ ಬಂದಿದೆ. ಸುತ್ತಲಿನ ಕೆತ್ತನೆ ನಾಲ್ಕೂ ಮೂಲೆಗಳಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದಂತಿದೆ. ಅಂಚಿನ ಬಳಪದ ಕಲ್ಲಿಗೆ ನೇರಳೆ ಬಣ್ಣ ಬೇರೆ.

ಲೆನ್ಸ್ ಕೆಟ್ಟದ್ದಲ್ಲ, ಫಿಲ್ಮ್ ಮೇಲೆ ಅದು ಮುತ್ತಿನಂಥ ಚಿತ್ರ ಕೊಡುತ್ತದೆ. ರೇಂಜ್‌ಫೈಂಡರ್ ಕ್ಯಾಮೆರಾಗಳ ಇಂಥ ವೈಡ್ ಲೆನ್ಸುಗಳ ಹಿಂದಿನ ಗಾಜು ಫಿಲ್ಮಿಗೆ ತೀರಾ ಹತ್ತಿರ ಬಂದು ಕೂರುತ್ತದೆ. ಹಾಗಾಗಿ ಅಂಚುಗಳಿಗೆ ಬೆಳಕು ಬಹಳ ಓರೆಯಾಗಿ ಬೀಳುತ್ತದೆ. ಫಿಲ್ಮಿಗೆ ಅದರಿಂದ ತೊಂದರೆಯಿಲ್ಲ. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿರುವ ಸೆನ್ಸರಿನ ಮುಂದೆ ಗಾಜಿನ ಪದರವಿದೆ, ಓರೆ ಕಿರಣ ಅದನ್ನು ದಾಟುವಾಗ ದಾರಿ ತಪ್ಪುತ್ತದೆ. ಒಳಗೆ ಕನ್ನಡಿಯಿರುವ ಎಸ್‌ಎಲ್‌ಆರ್ ಕ್ಯಾಮೆರಾಗಳ ಲೆನ್ಸುಗಳ ಕಥೆ ಬೇರೆ. ನಡುವೆ ಕನ್ನಡಿ ಏಳಲು ಜಾಗ ಬಿಡಬೇಕಾದ್ದರಿಂದ ಅವುಗಳ ಹಿಂದಿನ ಗಾಜು ದೂರದಲ್ಲೇ ಇರುತ್ತದೆ, ಕಿರಣಗಳೂ ಅಷ್ಟು ಓರೆಯಾಗುವುದಿಲ್ಲ. ದಪ್ಪ, ಭಾರ ಎಂದು ನಾನು ಮೂಗು ಮುರಿದಿದ್ದ ಲೆನ್ಸುಗಳೇ ನನ್ನ ಕೆಲಸಕ್ಕೆ ಸರಿಯಾದವು.

ಅಂಥದ್ದೊಂದು ಮನೆಯಲ್ಲೇ ಇತ್ತು. ಸ್ಟುಡಿಯೊ ನಡೆಸುತ್ತಿದ್ದ ಚಿಕ್ಕಪ್ಪನ ನಿಕಾನ್ 24 ಎಂ.ಎಂ. ಎಫ್/2.8. "ತೆಗೆದುಕೊಂಡು ಹೋಗು, ಆದರೆ ಮೊದಲು ಟಾರ್ಚ್ ಬಿಟ್ಟು ನೋಡು" ಎಂದರು. ಹಿಂದಿನಿಂದ ಟಾರ್ಚ್ ಹಿಡಿದು ಮುಂದಿನಿಂದ ಇಣುಕಿದರೆ ಒಳಗಿನ ಫಂಗಸ್ ಜೇಡರ ಬಲೆಯ ಎಳೆಗಳಂತೆ ಕಾಣುತ್ತದೆ. ನಮ್ಮ ಮಳೆಗಾಲ ಕಂಡ ಲೆನ್ಸನ್ನು ಹೀಗೆ ನೋಡದೆ ಕೊಳ್ಳಬಾರದು. ಇದರಲ್ಲಿ ದೂಳಿನ ಎರಡು ಕಣಗಳಿದ್ದವು, ಅಷ್ಟೇ.

ಇನ್ನು ನಿಕಾನ್ ಲೆನ್ಸನ್ನು ಸೋನಿ ಕ್ಯಾಮೆರಾಗೆ ಕೂಡಿಸುವ ಅಡಾಪ್ಟರ್. ಒಳಗೆ ಗಾಜಿಲ್ಲದ ಬರಿಯ ಕೊಳವೆ, ಯಾವುದಾದರೇನು ಎಂದುಕೊಂಡು ಅಗ್ಗದ್ದನ್ನೇ ತರಿಸಿದೆ. ಕ್ಯಾಮೆರಾವನ್ನು ಚಾಮುಂಡಿ ಬೆಟ್ಟದತ್ತ ತಿರುಗಿಸಿದಾಗ ಲೆನ್ಸಿನ ಫೋಕಸ್ ಉಂಗುರ ಆರು ಮೀಟರ್ ಆಸುಪಾಸಿಗೆ ಬಂದಲ್ಲೇ ಬೆಟ್ಟ ಸ್ಪಷ್ಟವಾಯಿತು. ಬಹುದೂರದ ವಸ್ತುಗಳಿಗೆಂದೇ ಇರುವ ಅನಂತದ ಗುರುತಿಗೆ ತಿರುಗಿಸಿದರೆ ಮಸುಕು. ಲೆನ್ಸ್ ಕೂರುವ ನಿಕಾನ್ ಎಫ್ ಮೌಂಟಿನಿಂದ ಫಿಲ್ಮಿಗೆ 46.5 ಎಂ.ಎಂ. ದೂರ, ಸೋನಿಯಲ್ಲಿ ಮೌಂಟಿನಿಂದ ಸೆನ್ಸರಿಗೆ 18. ಅಂದರೆ ಅಡಾಪ್ಟರ್ 28.5 ಎಂ.ಎಂ. ಇರಬೇಕು. ಪರಿಚಯದ ಲೇತ್ ಅಂಗಡಿಯಲ್ಲಿ ವರ್ನಿಯರ್ ಹಿಡಿದು ಅಳೆದಾಗ 28.4 ಬಂತು. ಹತ್ತನೇ ಒಂದು ಮಿಲಿಮೀಟರ್ ಕೊರತೆ! 200 ಎಂ.ಎಂ. ಲೆನ್ಸಿನಲ್ಲಿ ಇದೇ ಕೊರತೆ 400 ಮೀಟರ್ ದೂರಕ್ಕೆ ಬಂದು ನಿಲ್ಲುತ್ತದೆ, ಯಾರಿಗೂ ಗೊತ್ತಾಗುವುದೇ ಇಲ್ಲ. ಲೆನ್ಸ್ ವೈಡ್ ಆದಷ್ಟೂ ಅದು ಎದ್ದು ಕಾಣುತ್ತದೆ. ಅನಂತ ಸಿಗದೇ ಹೋಗದಿರಲೆಂದು ತಯಾರಕರು ಬೇಕೆಂದೇ ತುಸು ಗಿಡ್ಡ ಮಾಡುತ್ತಾರೆ.

ಉಂಗುರವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಆಯಿತಲ್ಲ ಎನ್ನಬಹುದು. ನಾನೂ ಹಾಗೆಂದುಕೊಂಡು ಒಂದು ತಿಂಗಳು ಕಳೆದೆ. ಆದರೆ 1967ರಲ್ಲಿ ಬಂದಾಗಿನಿಂದಲೂ ಈ 24 ಎಂ.ಎಂ.ನ ವಿಶೇಷವೆಂದರೆ, ಫೋಕಸ್ ಮಾಡಿದಂತೆ ಒಳಗಿನ ಗಾಜುಗಳ ನಡುವಿನ ಅಂತರವೂ ಬದಲಾಗುವುದು. ಹತ್ತಿರದ ವಸ್ತುವಿನ ಚಿತ್ರದಲ್ಲೂ ಮೂಲೆಗಳು ಕೆಡದಿರಲೆಂದು ಮಾಡಿದ ಏರ್ಪಾಡು ಅದು. ಉಂಗುರ ಆರು ಮೀಟರ್ ಎನ್ನುತ್ತಿದ್ದರೆ ಒಳಗಿನ ಗಾಜುಗಳೂ ಆರು ಮೀಟರಿಗೆ ಅಣಿಯಾಗಿರುತ್ತವೆ, ಎದುರಿಗಿರುವುದು ಬೆಟ್ಟವಾದರೂ. ನಡುಭಾಗ ಸರಿಯಿರುತ್ತದೆ, ಮೂಲೆ ಸಡಿಲವಾಗುತ್ತದೆ. ನನಗೆ ಬೇಕಾದದ್ದೇ ಮೂಲೆ.

ಅಡಾಪ್ಟರಿನ ಮುಂಭಾಗದ ತಿರುಪುಗಳನ್ನು ಬಿಚ್ಚಿ, ತಂಪು ಪಾನೀಯದ ಡಬ್ಬಿಯ ಗೋಡೆಯಿಂದ ಉಂಗುರದಾಕಾರದ ತಗಡು ಕತ್ತರಿಸಿ ನಡುವೆ ಇಟ್ಟೆ. ಆ ತಗಡಿನ ದಪ್ಪ ಹೆಚ್ಚು ಕಡಿಮೆ 0.1 ಎಂ.ಎಂ. ಮೊದಲ ಸಲ ಅಂಚು ಮಡಚಿಕೊಂಡು ಲೆನ್ಸ್ ವಾಲಿ, ಇಟ್ಟಿಗೆ ಗೋಡೆಯ ಚಿತ್ರದ ಎಡಬದಿ ಮಸುಕಾಯಿತು. ಕ್ಯಾಮೆರಾವನ್ನು ತಲೆಕೆಳಗು ಹಿಡಿದು ಮತ್ತೆ ತೆಗೆದಾಗಲೂ ಚೌಕಟ್ಟಿನ ಅದೇ ಬದಿ ಮಸುಕು. ಗೋಡೆಯದಲ್ಲ, ನನ್ನದೇ ತಪ್ಪು ಎಂದು ಖಾತ್ರಿಯಾಯಿತು. ಎರಡನೆಯ ತಗಡಿನ ಅಂಚನ್ನು ಉಜ್ಜುಕಾಗದದಿಂದ ನಯಮಾಡಿ ಕೂರಿಸಿದ ಮೇಲೆ ಬೆಟ್ಟ ಅನಂತದ ಗುರುತಿನ ಪಕ್ಕದಲ್ಲೇ ಸ್ಪಷ್ಟವಾಯಿತು. ಅಡಾಪ್ಟರಿನ ಒಳಗೋಡೆಯೂ ಹೊಳೆಯುತ್ತಿತ್ತು. ಕಪ್ಪು ವೆಲ್ವೆಟ್ ಅಂಟಿಸಿದೆ.

ಸೋಮನಾಥಪುರದಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ಹಾಗಾಗಿ ಕ್ಯಾಮೆರಾ ಕೈಯಲ್ಲೇ. ಹಳೆಯ ಲೆನ್ಸ್ ತಾನು ಎಷ್ಟು ಎಂ.ಎಂ.ನದು ಎಂದು ಕ್ಯಾಮೆರಾಗೆ ಹೇಳಲಾರದು. ಅಲುಗಾಟ ತಡೆಯುವ ವ್ಯವಸ್ಥೆಗೆ 24 ಎಂದು ನಾವೇ ತಿಳಿಸಬೇಕು. ಒಮ್ಮೆ ಹಿಂದಿನ ದಿನ ಬೇರೆ ಲೆನ್ಸಿಗೆ ಕೊಟ್ಟ 50 ಹಾಗೇ ಉಳಿದು, ಬೆಳಗಿನ ಚಿತ್ರಗಳೆಲ್ಲ ನಡುಗಿದ್ದವು. ಫೋಕಸ್ ಆದ ಭಾಗವನ್ನು ಕ್ಯಾಮೆರಾ ಪರದೆಯಲ್ಲಿ ತೋರಿಸುವ ಬಣ್ಣದ ಅಂಚುಗಳನ್ನೂ ನಾನು ನಂಬುವುದಿಲ್ಲ. ವೈಡ್ ಲೆನ್ಸಿನಲ್ಲಿ ಅವು ಎಲ್ಲವೂ ಸರಿಯಿದೆಯೆಂದು ಹೊಗಳುತ್ತಲೇ ಇರುತ್ತವೆ. ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದು ಎಫ್/2.8ರಲ್ಲಿಟ್ಟು, ಚಿತ್ರ ಹಿಗ್ಗಿಸಿ, ಚಾವಣಿಯ ಅಂಚಿಗೂ ಮೊಗ್ಗಿಗೂ ನಡುವೆ ಫೋಕಸ್ ಮಾಡಿ, ಕಿಂಡಿಯನ್ನು ಎಫ್/8ಕ್ಕೆ ಕಿರಿದು ಮಾಡಿ ಕ್ಲಿಕ್ಕಿಸುತ್ತೇನೆ.

ಮದುವೆ ಮನೆಗೆ ಮಾತ್ರ ಇದನ್ನು ಒಯ್ಯುವುದಿಲ್ಲ. ಧಾರೆ ಎರೆಯುವ ಹೊತ್ತಿನಲ್ಲಿ ಉಂಗುರ ತಿರುಗಿಸುತ್ತ ಕೂರಲಾದೀತೆ? ಅದಕ್ಕೆ ಆಟೊಫೋಕಸ್ ಇರುವ ಹೊಸ 20 ಎಂ.ಎಂ. ಕೊಂಡಿದ್ದೇನೆ. 21 ಎಂ.ಎಂ. ಪುಟಾಣಿಯನ್ನು ಫಿಲ್ಮ್ ಕ್ಯಾಮೆರಾ ಇಟ್ಟುಕೊಂಡಿರುವ ಗೆಳೆಯ ಒಯ್ದ. ಅವನ ಚಿತ್ರಗಳಲ್ಲಿ ಮೂಲೆಗಳು ಚೆನ್ನಾಗಿಯೇ ಬಂದಿವೆ.