ಮಾರ್ಕೆಟಿಂಗ್ ಪೇಪರನ್ನು ಒಂದು ಚಟ್ನಿಪುಡಿ ಪ್ಯಾಕೆಟ್ ಹಿಡಿದು ಓದಿದ ಬಗೆ

ಬಿ.ಕಾಂ., ಬಿಬಿಎ ತರಗತಿಗಳಲ್ಲಿ ಮಾರ್ಕೆಟಿಂಗ್ ತತ್ವಗಳ ಪೇಪರಿಗೆ ಸುಲಭದ್ದು ಎಂಬ ಹೆಸರಿದೆ. ಲೆಕ್ಕ ಕಡಿಮೆ, ವ್ಯಾಖ್ಯೆ ಜಾಸ್ತಿ, ಪರೀಕ್ಷೆಗೆ ಮುಂಚೆ ನಾಲ್ಕು ದಿನ ಕೂತರೆ ಪಾಸು. ಪಾಸಾಗುವುದೇನೋ ನಿಜ. ಆದರೆ ಹಾಗೆ ಓದಿದಾಗ ಮಾರುಕಟ್ಟೆ ವಿಭಜನೆ (ಗ್ರಾಹಕರನ್ನು ಗುಂಪುಗಳಾಗಿ ಬೇರ್ಪಡಿಸುವುದು), ಬೆಲೆ, ವಿತರಣೆ, ಪ್ರಚಾರ ಎಲ್ಲವೂ ಬಿಡಿಬಿಡಿ ಪಾಠಗಳಾಗಿಯೇ ಉಳಿಯುತ್ತವೆ. ಒಂದು ಕಡೆ ತೆಗೆದುಕೊಂಡ ನಿರ್ಧಾರ ಇನ್ನೊಂದು ಕಡೆ ಕೈ ಕಟ್ಟಿಹಾಕುತ್ತದೆ ಎಂಬುದು ಈ ವಿಷಯದ ಜೀವಾಳ, ಅದೇ ಕೈತಪ್ಪುತ್ತದೆ. ನಾನು ಮಾಡಿದ್ದು ಇಷ್ಟೇ: ಮೊದಲ ವಾರದಲ್ಲೇ ಒಂದು ಸರಕು ಆರಿಸಿಕೊಂಡು, ಸೆಮಿಸ್ಟರ್ ಮುಗಿಯುವ ತನಕ ಪ್ರತಿ ಅಧ್ಯಾಯವನ್ನೂ ಅದಕ್ಕೇ ಹಚ್ಚಿ ನೋಡಿದ್ದು. ಆರಿಸಿದ್ದು 200 ಗ್ರಾಮಿನ ಶೇಂಗಾ ಚಟ್ನಿಪುಡಿ.

ಸರಕು ಆರಿಸುವಾಗ ಎಚ್ಚರ ಬೇಕು. ಹೆಚ್ಚಿನವರು ದೊಡ್ಡ ಮೊಬೈಲ್ ಅಥವಾ ಕಾರಿನ ಕಂಪನಿ ಹಿಡಿಯುತ್ತಾರೆ. ಅವುಗಳ ವೆಚ್ಚ, ಡೀಲರ್ ಕಮಿಷನ್ ಯಾವುದೂ ನಮಗೆ ಸಿಗುವುದಿಲ್ಲ, ಕೊನೆಗೆ ಜಾಹೀರಾತಿನ ಬಗ್ಗೆ ಬರೆದು ಮುಗಿಸುತ್ತಾರೆ. ಪಕ್ಕದ ಕಿರಾಣಿ ಅಂಗಡಿಯಲ್ಲಿ ಸಿಗುವ, 150 ರೂಪಾಯಿಯೊಳಗಿನ, ಕನಿಷ್ಠ ಮೂರು ಬ್ರಾಂಡ್ ಇರುವ, ಮನೆಯಲ್ಲೂ ಮಾಡಿ ವೆಚ್ಚ ಲೆಕ್ಕ ಹಾಕಬಹುದಾದ ಸರಕು ಉತ್ತಮ. ಹಪ್ಪಳ, ಉಪ್ಪಿನಕಾಯಿ, ಊದುಬತ್ತಿ, ಅಗರಿನ ಧೂಪ ಯಾವುದಾದರೂ ನಡೆಯುತ್ತದೆ.

ಮೊದಲ ಕೆಲಸ ಮೂರು ಬ್ರಾಂಡಿನ ಪ್ಯಾಕೆಟ್ ತಂದು ಲೇಬಲ್ ಓದುವುದು. ತಯಾರಕರ ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು, ಎಷ್ಟು ದಿನ ಬಾಳಿಕೆ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಹಸಿರು ಚುಕ್ಕೆ ಇವನ್ನೆಲ್ಲ ಒಂದು ಹಾಳೆಯಲ್ಲಿ ಮೂರು ಕಂಬಸಾಲಾಗಿ ಬರೆಯಿರಿ. ಬೆಲೆಯನ್ನು ತೂಕದಿಂದ ಭಾಗಿಸಿ ಗ್ರಾಮಿಗೆ ಎಷ್ಟು ಪೈಸೆ ಎಂದು ಹಾಕಿ. 100 ರೂಪಾಯಿಯ 200 ಗ್ರಾಂ ಪ್ಯಾಕೆಟ್ ಗ್ರಾಮಿಗೆ 50 ಪೈಸೆ. 10 ರೂಪಾಯಿಯ 15 ಗ್ರಾಂ ಪ್ಯಾಕೆಟ್ ಗ್ರಾಮಿಗೆ ಸುಮಾರು 67 ಪೈಸೆ. ಚಿಕ್ಕ ಪ್ಯಾಕೆಟ್ ಕೈಗೆ ಅಗ್ಗ, ತೂಕಕ್ಕೆ ದುಬಾರಿ. ಪ್ಯಾಕಿಂಗ್ ಪಾಠದ ಅರ್ಧ ಇಲ್ಲೇ ಮುಗಿಯಿತು.

ಇನ್ನು ವಿಭಜನೆ. ‘ನಮ್ಮ ಗ್ರಾಹಕರು 15ರಿಂದ 60 ವರ್ಷದ ಎಲ್ಲರೂ’ ಎಂದು ಬರೆದ ಪ್ರಾಜೆಕ್ಟುಗಳೇ ಹೆಚ್ಚು. ಅಲ್ಲಿಗೆ ವಿಭಜನೆ ನಡೆದೇ ಇಲ್ಲ ಎಂದಾಯಿತು. ಭೌಗೋಳಿಕ, ಜನಸಂಖ್ಯಾ, ಮನೋವೈಜ್ಞಾನಿಕ, ವರ್ತನಾ ಎಂಬ ನಾಲ್ಕು ಆಧಾರಗಳಲ್ಲಿ ಇಂಥ ಸರಕಿಗೆ ಹೆಚ್ಚು ಕೆಲಸಕ್ಕೆ ಬರುವುದು ವರ್ತನೆ: ಯಾವ ಹೊತ್ತಿಗೆ, ಯಾತಕ್ಕೆ, ಎಷ್ಟು ದಿನಕ್ಕೊಮ್ಮೆ. ಊರು ಬಿಟ್ಟು ಬೆಂಗಳೂರಿನ ಪಿ.ಜಿ.ಯಲ್ಲಿರುವ ಹುಬ್ಬಳ್ಳಿ, ವಿಜಯಪುರ ಕಡೆಯ ಹುಡುಗರು ಒಂದು ಗುಂಪು. ಅವರಿಗೆ ಚಟ್ನಿಪುಡಿ ಊರಿನ ರುಚಿ, ಪಿ.ಜಿ. ಊಟದ ಜೊತೆಗಾರ. ಬೆಳಿಗ್ಗೆ ಡಬ್ಬಿ ಕಟ್ಟುವ ಮನೆಗಳು ಇನ್ನೊಂದು ಗುಂಪು, ಅವರಿಗೆ ಸಮಯದ ಉಳಿತಾಯ ಮುಖ್ಯ. ಇಬ್ಬರ ಪ್ಯಾಕೆಟ್ ಗಾತ್ರ ಬೇರೆ, ಕೊಳ್ಳುವ ಅಂಗಡಿ ಬೇರೆ. ಒಂದು ಗುಂಪನ್ನು ಆರಿಸಿದರೆ ಮುಂದಿನದೆಲ್ಲ ಅದರ ಹಿಂದೆ ಬರಬೇಕು.

ಸರ್ವೆಯ ಪ್ರಶ್ನೆಗಳಲ್ಲೇ ಹೆಚ್ಚು ಕೆಡುವುದು. ‘ಒಳ್ಳೆಯ ಗುಣಮಟ್ಟದ, ಕಡಿಮೆ ಬೆಲೆಯ ಚಟ್ನಿಪುಡಿ ಸಿಕ್ಕರೆ ಕೊಳ್ಳುತ್ತೀರಾ?’ ಎಂದು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಒಂದೇ ಪ್ರಶ್ನೆಯಲ್ಲಿ ಎರಡು ವಿಷಯ ಬೇರೆ ಇವೆ. ‘ಹೋದ ತಿಂಗಳು ಎಷ್ಟು ಪ್ಯಾಕೆಟ್ ತಂದಿರಿ, ಎಲ್ಲಿಂದ, ಎಷ್ಟು ಕೊಟ್ಟಿರಿ?’ ಎಂದು ಕೇಳಿ. ಮುಂದೆ ಏನು ಮಾಡುತ್ತೇವೆ ಎಂಬ ಮಾತಿಗಿಂತ ಈಗಾಗಲೇ ಮಾಡಿದ ಖರ್ಚು ನಂಬಬಹುದಾದದ್ದು. ವಯಸ್ಸನ್ನು 18-25, 25-35 ಎಂದು ಹಾಕಿದರೆ 25ರವರು ಎಲ್ಲಿ ಟಿಕ್ ಮಾಡಬೇಕು? 18-24, 25-34 ಎಂದಿರಲಿ. ಐದು ಜನರ ಮೇಲೆ ಮೊದಲು ಪ್ರಯೋಗಿಸಿ, ಎಡವಿದ ಪ್ರಶ್ನೆ ತಿದ್ದಿ. ಗೂಗಲ್ ಫಾರ್ಮನ್ನು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿ 60 ಉತ್ತರ ತೆಗೆದರೆ ಅದು 60 ಜನ ಕ್ಲಾಸ್‌ಮೇಟುಗಳ ಅಭಿಪ್ರಾಯ, ಮಾರುಕಟ್ಟೆಯದ್ದಲ್ಲ. ಅರ್ಧವನ್ನಾದರೂ ಅಂಗಡಿ ಮುಂದೆ ನಿಂತು ತುಂಬಿಸಿ. ಒಂದು ಗುಂಪಿನಲ್ಲಿ ಎಂಟೇ ಜನರಿದ್ದರೆ ‘ಶೇಕಡಾ 37.5’ ಎನ್ನಬೇಡಿ, ‘ಎಂಟರಲ್ಲಿ ಮೂವರು’ ಎನ್ನಿ.

ಅಂಗಡಿಯವರನ್ನು ಮಾತಾಡಿಸಲು ಮಧ್ಯಾಹ್ನ 2ರಿಂದ 4ರ ಹೊತ್ತು ಸರಿ, ಸಂಜೆ ಹೋದರೆ ಅವರಿಗೆ ತೊಂದರೆ. ‘ಲಾಭ ಎಷ್ಟು?’ ಎಂದು ನೇರ ಕೇಳಿದರೆ ಬಾಯಿ ಬಿಡುವುದಿಲ್ಲ. ‘ಅಣ್ಣಾ, ಹತ್ತು ತಗೊಂಡ್ರೆ ಸ್ಕೀಮ್ ಏನು ಕೊಡ್ತಾರೆ? ಡೇಟ್ ಆದ ಮಾಲು ವಾಪಸ್ ತಗೋತಾರಾ? ಉದ್ರಿ ಎಷ್ಟು ದಿನ?’ ಈ ಮೂರು ಪ್ರಶ್ನೆ ಸಾಕು. ಹೊಸ ಬ್ರಾಂಡನ್ನು ಅಂಗಡಿಯವರು ಇಡುವುದೂ ಬಿಡುವುದೂ ಬಹುಪಾಲು ಈ ಮೂರರ ಮೇಲೆಯೇ. ಪುಶ್ ಮತ್ತು ಪುಲ್ ತಂತ್ರದ ವ್ಯತ್ಯಾಸವೂ ಇಲ್ಲಿ ಕಣ್ಣಿಗೆ ಕಾಣುತ್ತದೆ: ಸ್ಕೀಮು ಕೊಟ್ಟು ಅಂಗಡಿಗೆ ತುಂಬಿಸುವುದು ಪುಶ್, ಗಿರಾಕಿಯೇ ಹೆಸರು ಹೇಳಿ ಕೇಳುವಂತೆ ಮಾಡುವುದು ಪುಲ್.

ಬೆಲೆಯ ಅಧ್ಯಾಯಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ. ಪಠ್ಯದಲ್ಲಿ ಸ್ಕಿಮ್ಮಿಂಗ್ (ಮೊದಲು ದುಬಾರಿ ಬೆಲೆ ಇಟ್ಟು ಆಮೇಲೆ ಇಳಿಸುವುದು), ಪೆನೆಟ್ರೇಶನ್ (ಮೊದಲೇ ಕಡಿಮೆ ಬೆಲೆ ಇಟ್ಟು ಮಾರುಕಟ್ಟೆಗೆ ನುಗ್ಗುವುದು) ಎಂದು ಹೆಸರುಗಳ ಸಾಲು ಬರುತ್ತದೆ, ಲೆಕ್ಕ ಬರುವುದಿಲ್ಲ. ಮಾರ್ಜಿನ್ ಮತ್ತು ಮಾರ್ಕಪ್ ಬೇರೆ ಎಂಬುದು ಮೊದಲು ತಲೆಗೆ ಹೋಗಬೇಕು. 80ಕ್ಕೆ ಕೊಂಡು 100ಕ್ಕೆ ಮಾರಿದರೆ ಉಳಿಯುವುದು 20. ಮಾರಿದ ಬೆಲೆಯ ಮೇಲೆ ಅದು ಶೇಕಡಾ 20 ಮಾರ್ಜಿನ್, ಕೊಂಡ ಬೆಲೆಯ ಮೇಲೆ ಶೇಕಡಾ 25 ಮಾರ್ಕಪ್.

ಲೆಕ್ಕದ ಸಲುವಾಗಿ ನಾವೇ ತಯಾರಕರು ಎಂದಿಟ್ಟುಕೊಳ್ಳಿ, ಜಿಎಸ್‌ಟಿ ಸದ್ಯಕ್ಕೆ ಬದಿಗಿರಲಿ. ಎಂಆರ್‌ಪಿ 100. ಅಂಗಡಿಯವರಿಗೆ ಶೇಕಡಾ 20 ಹೋದರೆ ನಮಗೆ ಬರುವುದು 80. ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಪೌಚು ಸೇರಿ ಪ್ಯಾಕೆಟ್ಟಿಗೆ 50. ಕಾಂಟ್ರಿಬ್ಯೂಷನ್, ಅಂದರೆ ಪ್ರತಿ ಪ್ಯಾಕೆಟ್ಟಿನಿಂದ ಸ್ಥಿರ ವೆಚ್ಚ ತುಂಬಲು ಉಳಿಯುವುದು, 30. ಬಾಡಿಗೆ, ಸಂಬಳ, ಸಾಗಣೆ ಸೇರಿ ತಿಂಗಳ ಸ್ಥಿರ ವೆಚ್ಚ 24,000. ಬ್ರೇಕ್ ಈವನ್, ಅಂದರೆ ಲಾಭವೂ ನಷ್ಟವೂ ಇಲ್ಲದ ಮಾರಾಟ, 800 ಪ್ಯಾಕೆಟ್. ಎಲ್ಲರೂ ಮಾಡುವ ತಪ್ಪು 100ರಿಂದ 50 ಕಳೆದು ಕಾಂಟ್ರಿಬ್ಯೂಷನ್ 50 ಎಂದುಕೊಳ್ಳುವುದು. ಆಗ 480 ಪ್ಯಾಕೆಟ್ ಸಾಕು ಎಂದು ಕಾಣುತ್ತದೆ, 320 ಪ್ಯಾಕೆಟ್‌ನಷ್ಟು ಸುಳ್ಳು ಧೈರ್ಯ.

ಈಗ ‘ಜನರಿಗೆ ಇಷ್ಟವಾಗಲಿ’ ಎಂದು ಎಂಆರ್‌ಪಿಯನ್ನು 90 ಮಾಡಿ. ನಮಗೆ ಬರುವುದು 72, ಕಾಂಟ್ರಿಬ್ಯೂಷನ್ 22, ಮಾರಬೇಕಾದದ್ದು 1,091. ಬೆಲೆ ಇಳಿದದ್ದು ಶೇಕಡಾ 10, ಮಾರಾಟ ಏರಬೇಕಾದದ್ದು ಶೇಕಡಾ 36. ಬೆಲೆ 100ರಲ್ಲೇ ಇದ್ದು, ಕಳಿಸಿದ 100ರಲ್ಲಿ 5 ಪ್ಯಾಕೆಟ್ ಡೇಟ್ ಮುಗಿದು ವಾಪಸ್ ಬಂದರೆ, ಕಳಿಸಿದ ಪ್ರತಿ ಪ್ಯಾಕೆಟ್ಟಿಗೆ ಉಳಿಯುವುದು 26, ಕಳಿಸಬೇಕಾದದ್ದು 924. ಶೇಂಗಾ ಎಣ್ಣೆಯ ಅಂಶದ ಕಾಳು, ಗಾಳಿ ತಾಗಿದರೆ ಕಮಟು ವಾಸನೆ ಹಿಡಿಯುತ್ತದೆ. ಹಾಗಾಗಿ ಪೌಚಿನ ಗುಣಮಟ್ಟ ಬರೀ ಅಂದದ ಮಾತಲ್ಲ, ಬೆಲೆಯ ಲೆಕ್ಕದೊಳಗೇ ಕೂತಿದೆ.

ಡಿಸ್ಟ್ರಿಬ್ಯೂಟರ್ ಮೂಲಕ ಹೋದರೆ? ಅವರಿಗೆ ಎಂಆರ್‌ಪಿಯ ಇನ್ನೂ ಶೇಕಡಾ 5 ಕೊಟ್ಟರೆ ನಮಗೆ 75, ಕಾಂಟ್ರಿಬ್ಯೂಷನ್ 25. ಮೇಲ್ನೋಟಕ್ಕೆ 960 ಪ್ಯಾಕೆಟ್ ಮಾರಬೇಕು, ಮಧ್ಯವರ್ತಿ ನಷ್ಟವೇ. ಆದರೆ ನಮ್ಮ ಸಾಗಣೆಯ 6,000 ತಪ್ಪಿ ಸ್ಥಿರ ವೆಚ್ಚ 18,000ಕ್ಕೆ ಇಳಿದರೆ 720ಕ್ಕೇ ಬ್ರೇಕ್ ಈವನ್. ‘ಮಧ್ಯವರ್ತಿಯನ್ನು ತೆಗೆದುಹಾಕಬಹುದು, ಅವನ ಕೆಲಸವನ್ನು ತೆಗೆಯಲಾಗದು’ ಎಂದು ತರಗತಿಯಲ್ಲಿ ಕೇಳುವ ಮಾತಿನ ಅರ್ಥ ಈ ಎರಡು ಸಾಲಿನ ಲೆಕ್ಕ. ಇದರ ಮೇಲೆ 30 ದಿನದ ಉದ್ರಿ ಹಾಕಿ ನೋಡಿ: ಮೊದಲ ತಿಂಗಳ ದುಡ್ಡು ಕೈಗೆ ಬರುವ ಮುಂಚೆಯೇ ಎರಡನೆಯ ತಿಂಗಳ 800 ಪ್ಯಾಕೆಟ್ಟಿಗೆ 40,000 ಬೇಕು.

ಉಳಿದ ಅಧ್ಯಾಯಗಳಲ್ಲಿ ಗೊಂದಲ ಆಗುವ ಕೆಲವು ಜಾಗ ಹೇಳಿಬಿಡುತ್ತೇನೆ. ನಾಲ್ಕು ಪಿಗಳ (ಸರಕು, ಬೆಲೆ, ಸ್ಥಳ, ಪ್ರಚಾರ) ಚೌಕಟ್ಟು ಜೆರೋಮ್ ಮೆಕಾರ್ಥಿ ಅವರದು, 1960ರದ್ದು. ಸೇವೆಗಳಿಗಾಗಿ ಜನ, ಪ್ರಕ್ರಿಯೆ, ಭೌತಿಕ ಸಾಕ್ಷ್ಯ ಎಂಬ ಮೂರನ್ನು ಸೇರಿಸಿದ್ದು ಬೂಮ್ಸ್ ಮತ್ತು ಬಿಟ್ನರ್, 1981ರಲ್ಲಿ. ಮಾರುಕಟ್ಟೆಯ ಬೆಳವಣಿಗೆ ಮತ್ತು ನಮ್ಮ ಪಾಲು ನೋಡಿ ಸರಕುಗಳನ್ನು ನಾಲ್ಕು ಚೌಕದಲ್ಲಿ ಇಡುವ ಬಿಸಿಜಿ ಮ್ಯಾಟ್ರಿಕ್ಸಿನಲ್ಲಿ ಹಾಕಬೇಕಾದದ್ದು ಸಾಪೇಕ್ಷ ಮಾರುಕಟ್ಟೆ ಪಾಲು: ನಮ್ಮದು ಶೇಕಡಾ 20, ಅತಿ ದೊಡ್ಡ ಪ್ರತಿಸ್ಪರ್ಧಿಯದು 40 ಆದರೆ 0.5. ಬರೀ 20 ಎಂದು ಬರೆದರೆ ಚಿತ್ರವೇ ತಪ್ಪು. ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯಗಳನ್ನು ಪಟ್ಟಿ ಮಾಡುವ ಸ್ವಾಟ್‌ನಲ್ಲಿ ‘ಆನ್‌ಲೈನಿನಲ್ಲಿ ಮಾರಬಹುದು’ ಎಂಬುದನ್ನು ಅವಕಾಶದ ಕೆಳಗೆ ಬರೆಯುತ್ತಾರೆ. ಅದು ನಾವು ಮಾಡುವ ಕೆಲಸ. ಅವಕಾಶ ಹೊರಗಿನದು, ನಾವು ಇಲ್ಲದಿದ್ದರೂ ಇರುವಂಥದ್ದು. ಸ್ಥಾನೀಕರಣವನ್ನು, ಅಂದರೆ ಗ್ರಾಹಕರ ಮನಸ್ಸಿನಲ್ಲಿ ಸರಕಿಗೆ ಸಿಗುವ ಜಾಗವನ್ನು, ಘೋಷಣಾ ವಾಕ್ಯವೆಂದು ತಿಳಿಯಬೇಡಿ. ಮೈಸೂರು ಸ್ಯಾಂಡಲ್ ಸೋಪನ್ನು ನೋಡಿ: 1916ರಲ್ಲಿ ಶುರುವಾದ ಕಾರ್ಖಾನೆ, ಶ್ರೀಗಂಧದ ಎಣ್ಣೆ, ಮೊಟ್ಟೆಯಾಕಾರದ ಬಿಲ್ಲೆ, ಶರಭದ ಮುದ್ರೆ. ಯಾವ ಘೋಷಣೆಯೂ ನೆನಪಾಗದಿದ್ದರೂ ಅದು ತಲೆಯಲ್ಲಿ ಯಾವ ಜಾಗದಲ್ಲಿ ಕೂತಿದೆ ಎಂದು ಕನ್ನಡಿಗರಿಗೆ ಗೊತ್ತು.

ಪರೀಕ್ಷೆಯಲ್ಲಿ ಹತ್ತು ಅಂಕದ ಉತ್ತರಕ್ಕೆ 18 ನಿಮಿಷ, ಎರಡು ಪುಟ ಎಂದು ಕಟ್ಟು ಹಾಕಿಕೊಂಡಿದ್ದೆ. ವ್ಯಾಖ್ಯೆ ಎರಡು ಸಾಲು, ಒಂದು ಚಿತ್ರ, ಅಂಶಗಳ ವಿವರಣೆ, ನಡುವೆ ಚಟ್ನಿಪುಡಿಯ ಉದಾಹರಣೆ, ಕೊನೆಗೆ ಈ ಮಾದರಿ ಎಲ್ಲಿ ಸೋಲುತ್ತದೆ ಎಂಬ ಮೂರು ಸಾಲು. ಸರಕಿನ ಜೀವನಚಕ್ರ (ಪರಿಚಯ, ಬೆಳವಣಿಗೆ, ಪಕ್ವತೆ, ಅವನತಿ ಎಂಬ ಹಂತಗಳು) ಕೇಳಿದರೆ ಆ ಮೂರು ಸಾಲು ಹೀಗಿರಬಹುದು: ಚಕ್ರ ಸಾಮಾನ್ಯವಾಗಿ ಸರಕಿನ ವರ್ಗಕ್ಕೆ ಚೆನ್ನಾಗಿ ಹೊಂದುತ್ತದೆ, ಒಂದು ಬ್ರಾಂಡಿಗೆ ಅಷ್ಟಾಗಿ ಅಲ್ಲ. ಮಾರಾಟ ಇಳಿದ ಕೂಡಲೇ ಅವನತಿಯ ಹಂತ ಎಂದು ಪ್ರಚಾರದ ಖರ್ಚು ನಿಲ್ಲಿಸಿದರೆ, ಆ ನಿಲ್ಲಿಸಿದ್ದರಿಂದಲೇ ಅವನತಿ ಬರಬಹುದು. ಮಳೆಗಾಲದಲ್ಲಿ ಪುಡಿ ಹಸಿಯಾಗಿ ಮಾರಾಟ ಇಳಿದರೆ ಅದಕ್ಕೆ ಮದ್ದು ಪೌಚಿನಲ್ಲಿದೆ, ಜೀವನಚಕ್ರದ ವಕ್ರರೇಖೆಯಲ್ಲಿ ಅಲ್ಲ.