26 ಅಂಕಿಯ ಉತ್ತರವನ್ನು ಪೆನ್ನಿನಲ್ಲೇ ತಾಳೆ ನೋಡಿದ್ದು

ಬೆಂಗಳೂರಿನ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7686369774870 ಮತ್ತು 2465099745779 ಇವೆರಡನ್ನು ಮನಸ್ಸಿನಲ್ಲೇ ಗುಣಿಸಿ, 28 ಸೆಕೆಂಡಿನಲ್ಲಿ ಉತ್ತರ ಹೇಳಿದರು. ಉತ್ತರ 18947668177995426462773730. ಎಂಥಾ ಸಂಖ್ಯೆ ಅಲ್ವಾ! ಇದನ್ನು ಕ್ಯಾಲ್ಕುಲೇಟರ್ ಮುಟ್ಟದೆ ತಾಳೆ ನೋಡಬೇಕು ಅಂತ ಒಂದು ಸಂಜೆ ಕೂತೆ.

ಮೊದಲು ಒಂಬತ್ತರ ಲೆಕ್ಕ, ಅಂದರೆ 9ರಿಂದ ಭಾಗಿಸಿದಾಗ ಉಳಿಯುವ ಶೇಷ ಎರಡೂ ಕಡೆ ಒಂದೇನಾ ಅಂತ ನೋಡುವುದು. ಎರಡು ಸಂಖ್ಯೆಗಳ ಅಂಕಿಗಳನ್ನು ಕೂಡಿದರೆ 78 ಮತ್ತು 74. ಒಂದೇ ಅಂಕಿಗೆ ಇಳಿಸಿದರೆ 6 ಮತ್ತು 2, ಗುಣಿಸಿದರೆ 12, ಅಂದರೆ 3. ಉತ್ತರದ ಅಂಕಿಗಳ ಮೊತ್ತ 138, ಅದೂ 3ಕ್ಕೇ ಇಳಿಯಿತು. ಖುಷಿಯಾಯಿತು. ಆದರೆ ಅಂಕಿಗಳು ಹಿಂದುಮುಂದಾದರೂ ಮೊತ್ತ ಹಾಗೇ ಇರುತ್ತದೆ, ಅದಕ್ಕೇ ಇದೊಂದನ್ನೇ ನಂಬುವಂತಿಲ್ಲ.

ಆಮೇಲೆ ಹಾಗೇ ಶೇಷ ನೋಡಲು 1001 ಹಿಡಿದೆ. ಇದು 7, 11, 13ರ ಗುಣಲಬ್ಧ, ಒಂದೇ ಏಟಿಗೆ ಮೂರೂ ಪರೀಕ್ಷೆ ಆಗುತ್ತದೆ. ಬಲದಿಂದ ಮೂರು ಮೂರು ಅಂಕಿ ಬಿಡಿಸಿ (ನಮ್ಮ ಲಕ್ಷ, ಕೋಟಿಯ ಅಲ್ಪವಿರಾಮ ಇಲ್ಲಿ ನಡೆಯಲ್ಲ) ಒಂದನ್ನು ಕೂಡುವುದು, ಮುಂದಿನದನ್ನು ಕಳೆಯುವುದು. ಮೊದಲ ಸಂಖ್ಯೆಗೆ 870 − 774 + 369 − 686 + 7, ಅಂದರೆ −214. ಎರಡನೆಯದಕ್ಕೆ −330. ಗುಣಿಸಿದರೆ 70620, ಅದರಲ್ಲಿ 1001ರ 70 ಪಟ್ಟು ತೆಗೆದರೆ 550 ಉಳಿಯುತ್ತದೆ. ಉತ್ತರದಿಂದಲೂ 550 ಬರಬೇಕು. ನನಗೆ ಬಂದದ್ದು 586.

36 ಜಾಸ್ತಿ. 36 ಅಂದರೆ 9 ಸಲ 4. ಯಾವುದೋ ಗುಂಪಿನ ಕೊನೆಯಲ್ಲಿ, 4 ವ್ಯತ್ಯಾಸ ಇರುವ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿದ್ದರೆ ಹೀಗಾಗುತ್ತದೆ. ನನ್ನ ಹಾಳೆಯಲ್ಲಿ ಅಂಥ ಗುಂಪು ನಾಲ್ಕೇ ಇದ್ದವು, ಅವನ್ನಷ್ಟೇ ಮೂಲದ ಪಕ್ಕ ಇಟ್ಟು ನೋಡಿದೆ. 773 ಅನ್ನು 737 ಅಂತ ಬರೆದುಕೊಂಡಿದ್ದೆ! ತಿದ್ದಿದ ಮೇಲೆ ಸರಿಯಾಗಿ 550. ತಪ್ಪಿದೆ ಅಂತ ಹೇಳಿದ್ದಲ್ಲದೆ ಎಲ್ಲಿದೆ ಅಂತಲೂ ಶೇಷವೇ ತೋರಿಸಿಕೊಟ್ಟಿತು, ನನಗೆ ತುಂಬಾ ಹಿಡಿಸಿದ್ದು ಇದೇ.

ಇದರಿಂದ ಇನ್ನೂ ಕೆಲವು ಸಂಗತಿ ಸುಮ್ನೆ ಸಿಕ್ಕವು. 550 ಹನ್ನೊಂದರಿಂದ ಭಾಗವಾಗುತ್ತದೆ, ಹಾಗಾಗಿ ಆ 26 ಅಂಕಿಯ ಸಂಖ್ಯೆಯೂ ಆಗುತ್ತದೆ. 7 ಮತ್ತು 13ರಿಂದ ಆಗಲ್ಲ. ಮೊತ್ತ 138, ಅದಕ್ಕೇ 3ರಿಂದ ಆಗುತ್ತದೆ, 9ರಿಂದ ಇಲ್ಲ. ಕೊನೆಗೆ ಸೊನ್ನೆ ಇದೆ. ಎಲ್ಲ ಸೇರಿಸಿದರೆ 330ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ.

ಕೊನೆಗೆ ಅವೇ ಗುಂಪುಗಳನ್ನು ಬರೀ ಕೂಡಿ 999ರ ಶೇಷ ನೋಡಿದೆ. 708 ಮತ್ತು 92, ಗುಣಿಸಿದರೆ ಶೇಷ 201. ಉತ್ತರದ್ದೂ 201. ಅಂದರೆ ಈಗ ಉತ್ತರ ತಪ್ಪಾಗಬೇಕಾದರೆ ಆ ತಪ್ಪು 999999ರ ಗುಣಕವೇ ಆಗಿರಬೇಕು.